ಸೌಮ್ಯಳ ಬಿಲ್ಲಿನ ಹೊಸ ಹೆದೆ

ಸೆಪ್ಟೆಂಬರ್ 5, ಶುಕ್ರವಾರ

ಸೌಮ್ಯ ತಿಂಗಳಿಂದ ಕಾಯುತ್ತಿದ್ದ ಹೆದೆ ಇವತ್ತು ಕೊರಿಯರ್‌ನಲ್ಲಿ ಬಂತು. ಅವಳು ಎದ್ದು ಬಂದು ನೋಡುವ ಸ್ಥಿತಿಯಲ್ಲಿರಲಿಲ್ಲ. ನಿನ್ನೆ ಸಂಜೆ ಕಾಲೇಜಿನಿಂದ ಬಂದವಳು ಕಣ್ಣಿನ ಹಿಂದೆ ನೋವು ಎಂದು ಮಲಗಿದ್ದಾಳೆ. ಮೈ ಮುಟ್ಟಿದರೆ ಸುಡುತ್ತದೆ.

ಬಿದಿರಿನ ಬಿಲ್ಲಿನ ಈ ಆಟ ನನಗೆ ಮೊದಲಿನಿಂದಲೂ ಹಿಡಿಸಿದ್ದಲ್ಲ. ದಾರ ಕಿತ್ತು ಕಣ್ಣಿಗೆ ಬಡಿದರೆ ಏನು ಗತಿ ಎಂದು ಎರಡು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ. ಹೋದ ತಿಂಗಳು ಹಳೆಯ ಹೆದೆಯ ಕುಣಿಕೆಯ ಹತ್ತಿರ ಎಳೆ ಬಿಚ್ಚಿತ್ತು. ಅವರ ಕಾಲೇಜಿನ ಮಹದೇವಸ್ವಾಮಿ ಮೇಷ್ಟ್ರು ಯಾರೂ ಮತ್ತೆ ಹಾಕದಿರಲಿ ಎಂದು ಕತ್ತರಿಸಿಯೇ ಬಿಟ್ಟರಂತೆ. ಹದಿನೆಂಟಕ್ಕೆ ಹನೂರಿನಲ್ಲಿ ಜಿಲ್ಲಾ ಆಯ್ಕೆ. ಮೊದಲ ನಾಲ್ವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ.

ಹೊಸ ಹೆದೆ ಪಳಗಬೇಕಂತೆ. ಮೊದಮೊದಲು ಅದು ಹಿಗ್ಗುತ್ತದೆ. ಹಿಗ್ಗಿದರೆ ಬಿಲ್ಲಿನ ಹಿಡಿಗೂ ಹೆದೆಗೂ ನಡುವಿನ ಅಂತರ ಕಡಿಮೆಯಾಗಿ ಬಾಣ ತಪ್ಪುತ್ತದೆ. ಆಗ ಬಿಚ್ಚಿ ಹುರಿ ಹಾಕಿದರೆ ಮತ್ತೆ ಗಿಡ್ಡವಾಗುತ್ತದೆ. ಹಿಗ್ಗುವುದು ನಿಲ್ಲುವವರೆಗೆ ದಿನಾ ಒಂದಷ್ಟು ಬಾಣ ಬಿಡಬೇಕು. ಇದನ್ನೆಲ್ಲ ಅವಳು ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡೇ ಹೇಳಿದಳು. ನಾನು ಹೂಂಗುಟ್ಟುತ್ತಿದ್ದೆ. ಕೊನೆಗೆ ಅಂದಳು, "ನಾನ್ ಏಳೋಗಂಟ ನೀನೇ ದಿನಾ ಬಾಣ ಒಡಿ ಅಪ್ಪ. ಬಾಣ ಇಕ್ಕದೆ ಬರೀ ಹೆದೆ ಎಳ್ದು ಬುಡ್ಬೇಡ, ಬಿಲ್ ಸೀಳೋಯ್ತದೆ."

ನಮ್ಮ ಗಿರಣಿಗೆ ಹೊಸ ಬೆಲ್ಟ್ ಹಾಕಿದಾಗಲೂ ಮೊದಲ ವಾರ ಸಡಿಲಾಗುತ್ತಲೇ ಇರುತ್ತದೆ. ಅಷ್ಟು ನನಗೆ ಅರ್ಥವಾಯಿತು. ಜ್ವರ ಇಳಿಯಲಿ, ನಾಳಿದ್ದು ಅವಳೇ ಮಾಡಿಕೊಳ್ಳುತ್ತಾಳೆ.

ಸೆಪ್ಟೆಂಬರ್ 7, ಭಾನುವಾರ

ಜ್ವರ ಇಳಿದಿಲ್ಲ.

ಗಿರಣಿಯ ಹಿಂದೆ ಹುಲ್ಲಿನ ಮೆದೆಗೆ ಒರಗಿಸಿ ಹೊಟ್ಟು ತುಂಬಿದ ಚೀಲಗಳನ್ನು ನಿಲ್ಲಿಸಿದೆ. ಯಾರೂ ನೋಡದಿರಲಿ ಎಂದು ಬೆಳಿಗ್ಗೆಯೇ ಹೋದೆ. ಮೊದಲ ಬಾಣಕ್ಕೇ ಹೆದೆ ಎಡಗೈಯ ಒಳಭಾಗಕ್ಕೆ ಬಡಿದು ಬಾಸುಂಡೆ ಎದ್ದಿತು. ಸೌಮ್ಯಳ ಕೈಪಟ್ಟಿ ನನ್ನ ತೋಳಿಗೆ ಸಾಲದು. ಹಳೆಯ ಬೆಲ್ಟಿನ ತುಂಡೊಂದನ್ನು ಕಟ್ಟಿಕೊಂಡೆ. ಬಾಣಗಳು ಚೀಲಕ್ಕಿಂತ ಹುಲ್ಲಿಗೇ ಹೆಚ್ಚು ಹೋದವು.

ಅಂತರ ಅಳೆಯಲು ತೆಂಗಿನ ಕಡ್ಡಿಯೊಂದರಲ್ಲಿ ಗುರುತು ಕೊರೆದುಕೊಂಡಿದ್ದೇನೆ. ಬೆಳಿಗ್ಗೆ ಸರಿಯಾಗಿದ್ದದ್ದು ಸಂಜೆಗೆ ಬೆರಳಿನ ಅರ್ಧದಷ್ಟು ಇಳಿದಿತ್ತು. ಬಿಚ್ಚಿ ಹುರಿ ಹಾಕಿದೆ. ಸೌಮ್ಯ ಗಂಜಿ ಕುಡಿದದ್ದನ್ನೆಲ್ಲ ವಾಂತಿ ಮಾಡಿಕೊಂಡಳು. ನಾಳೆ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಬೇಕು.

ಸೆಪ್ಟೆಂಬರ್ 8, ಸೋಮವಾರ

ಡೆಂಗಿ. ರಕ್ತ ಪರೀಕ್ಷೆಯಲ್ಲಿ ಬಂತು. ಅಡ್ಮಿಟ್ ಮಾಡಿಕೊಂಡರು. ಪ್ಲೇಟ್ಲೆಟ್ ಈಗ ಪರವಾಗಿಲ್ಲ, ಆದರೆ ದಿನಾ ನೋಡುತ್ತಿರಬೇಕು ಎಂದರು ಡಾಕ್ಟರು. ಹೆಂಡತಿ ಮಾಲಿನಿ ಮಗಳ ಜೊತೆ ಉಳಿದಳು. ಮನೆಯಲ್ಲಿ ಅವ್ವ ಒಬ್ಬಳೇ ಎಂದು ನಾನು ಮಾಂಬಳ್ಳಿಗೆ ಬಂದೆ. ಮನಸ್ಸೆಲ್ಲ ಅಲ್ಲೇ ಇದೆ.

ಹೊರಡುವಾಗ ಸೌಮ್ಯ ಕೇಳಿದ್ದು ಒಂದೇ, ಹೆದೆ ಹಿಗ್ಗುವುದು ನಿಂತಿತಾ ಎಂದು. ಇಲ್ಲ ಅಂದೆ. ಬಂದವನೇ ಗಿರಣಿಯ ಹಿಂದೆ ಹೋಗಿ ಕತ್ತಲಾಗುವವರೆಗೆ ಹೊಡೆದೆ. ರಾಗಿ ತಂದವರು ಕಾದು ಕಾದು ಬೈದುಕೊಂಡು ಹೋದರಂತೆ.

ಸೆಪ್ಟೆಂಬರ್ 9, ಮಂಗಳವಾರ

ಹೆದೆ ಇಳಿದಿದೆ. ಮಾಲಿನಿ ಫೋನ್ ಮಾಡಿದ್ದಳು, ಪ್ಲೇಟ್ಲೆಟ್ಟೂ ಇಳಿದಿದೆ.

ಎರಡಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿದೆ. ಬರೆದಿಟ್ಟುಕೊಳ್ಳುತ್ತೇನೆ, ಸಂಬಂಧವಿಲ್ಲ. ಆದರೂ ಕಡ್ಡಿ ಹಿಡಿದು ಮೂರು ಸಲ ಅಳೆದೆ. ಲೆಕ್ಕಕ್ಕಿಂತ ನಾಲ್ಕು ಸುತ್ತು ಹೆಚ್ಚಿಗೆಯೇ ಹುರಿ ಹಾಕಿದೆ.

ಸೆಪ್ಟೆಂಬರ್ 10, ಬುಧವಾರ

ಮತ್ತೆ ಇಳಿದಿದೆ. ಎರಡೂ. ಮತ್ತೆ ಹುರಿ ಹಾಕಿದೆ.

ಸೆಪ್ಟೆಂಬರ್ 11, ಗುರುವಾರ

ಬೆಳಿಗ್ಗೆ ಹೆದೆ ಏರಿಸುವಾಗ ಬಿಲ್ಲು ಕಟಕ್ ಎಂದಿತು. ಸೀಳಿದೆಯೇನೋ ಎಂದು ಉದ್ದಕ್ಕೂ ಉಗುರಿನಲ್ಲಿ ಸವರಿ ನೋಡಿದೆ, ಏನೂ ಕಾಣಲಿಲ್ಲ. ಕೂತುಬಿಟ್ಟೆ. ಬಾಣ ಬಿಡಲು ಧೈರ್ಯವಾಗಲಿಲ್ಲ. ಮಹದೇವಸ್ವಾಮಿ ಮೇಷ್ಟ್ರಿಗೆ ಫೋನ್ ಮಾಡಿದೆ. ಪಾಪ, ಕಾಲೇಜು ಮುಗಿಸಿ ಬೈಕಿನಲ್ಲಿ ಬಂದರು.

ಹೆದೆ ನೋಡಿದವರೇ ಮುಖ ಕಿವುಚಿಕೊಂಡರು. ಹುರಿ ಮಿತಿಮೀರಿ ಅದು ಅಲ್ಲಲ್ಲಿ ಗಂಟುಗಂಟಾಗಿತ್ತು. ಹೆದೆ ಅಷ್ಟು ಗಿಡ್ಡವಾದರೆ ಬಿಲ್ಲೇ ಹೋಗುತ್ತದೆ ಎಂದರು. ಅರ್ಧಕ್ಕರ್ಧ ಹುರಿ ಬಿಚ್ಚಿ, ಜೇನುಮೇಣ ಸವರಿ ಬೆರಳಲ್ಲಿ ಬಿಸಿಯೇರುವವರೆಗೆ ಉಜ್ಜಿ, ಮತ್ತೆ ಏರಿಸಿಕೊಟ್ಟರು. "ಇಳೀಲಿ ಬುಡಿ ಪ್ರಭುಸ್ವಾಮಿಯವ್ರೇ. ಇಳಿಯೋಷ್ಟು ಇಳ್ದು ನಿಂತ್ಕತ್ತದೆ. ನೀವು ದಿನಾ ಇಂಗೆ ಇಡ್ಕಂಡ್ರೆ ಅದು ಪಳಗೋದೆಂಗೆ?"

ಹೋಗುವಾಗ ಇನ್ನೊಂದು ಮಾತು ಹೇಳಿದರು. ಕಾಲೇಜಿನ ಬಿಲ್ಲು ಮೊನ್ನೆ ಬಿರುಕು ಬಿಟ್ಟಿದೆ. ಅದರಲ್ಲಿ ಅಭ್ಯಾಸ ಮಾಡುತ್ತಿದ್ದ ಹುಡುಗಿಗೆ ಈಗ ಏನೂ ಇಲ್ಲ. ಹಾಸ್ಟೆಲಿನ ಹುಡುಗಿ, ಗೋಪಿನಾಥಂ ಕಡೆಯವಳು. ಅವಳನ್ನು ಸೌಮ್ಯಳ ಜೊತೆ ಒಂದೆರಡು ಸಲ ನೋಡಿದ ನೆನಪಿದೆ. ನಾನು ಬಿಲ್ಲನ್ನು ಎತ್ತಿಕೊಂಡು ಹೋಗಿ ಒಳಗಿಟ್ಟೆ.

ಸಂಜೆ ಆಸ್ಪತ್ರೆಗೆ ಹೋದರೆ ಸೌಮ್ಯಳದೂ ಅದೇ ಮಾತು. ಹದಿನೆಂಟಕ್ಕೆ ತಾನು ಹೋಗುವಂತಿಲ್ಲ, ಬಿಲ್ಲು ಅವಳಿಗೆ ಕೊಡು ಎಂದಳು. ಅವಳ ತುಟಿ ಒಡೆದಿತ್ತು, ಮೊಣಕೈಯ ಹತ್ತಿರ ಕೆಂಪು ಚುಕ್ಕೆಗಳು. ಹೆದೆ ಇನ್ನೂ ನಿಂತಿಲ್ಲ, ನಿಲ್ಲಲಿ ನೋಡೋಣ ಎಂದುಬಿಟ್ಟೆ. ಅದು ಸುಳ್ಳಲ್ಲ. ಆದರೆ ನಿಂತಿದ್ದರೂ ಹಾಗೇ ಹೇಳುತ್ತಿದ್ದೆ.

ಸೆಪ್ಟೆಂಬರ್ 12, ಶುಕ್ರವಾರ

ಆ ಗೋಪಿನಾಥಂ ಹುಡುಗಿ ಬಂದಿದ್ದಳು. ಸೌಮ್ಯಳೇ ಫೋನ್ ಮಾಡಿ ಕಳಿಸಿದ್ದಾಳೆ. ಬಸ್ಸಿನಲ್ಲಿ ಬಂದು ಊರೊಳಗೆ ಕೇಳಿಕೊಂಡು ಬಂದಳಂತೆ. ಜಗಲಿಯ ತುದಿಯಲ್ಲಿ ಕೂತಿದ್ದಳು. ನಾನು ಒಳಗೆ ಕರೆಯಲಿಲ್ಲ, ಅವಳೂ ಏಳಲಿಲ್ಲ. ಅವ್ವ ಯಾವ ಊರು, ಯಾರ ಪೈಕಿ ಎಂದೆಲ್ಲ ವಿಚಾರಿಸಿದಳು. ಅಪ್ಪ ಡ್ಯಾಮಿನ ನೀರಲ್ಲಿ ಮೀನು ಹಿಡಿಯುತ್ತಾನೆ ಎಂದು ಆ ಹುಡುಗಿ ಹೇಳಿದ ಮೇಲೆ ಅವ್ವ ನೀರಿನ ಚೊಂಬನ್ನು ಜಗಲಿಯ ಮೇಲೆ ಇಟ್ಟು ಒಳಗೆ ಹೋದಳು.

ಹೆದೆ ಇನ್ನೂ ಸರಿಹೋಗಿಲ್ಲ, ಈಗ ಹೊಡೆದರೆ ಕೆಟ್ಟುಹೋಗುತ್ತದೆ ಎಂದು ನಾನು ಹೇಳಿದೆ. ಅವಳು ತಲೆಯಾಡಿಸಿದಳು. ಬಿಲ್ಲನ್ನು ನೋಡಬಹುದಾ ಎಂದು ಕೂಡ ಕೇಳಲಿಲ್ಲ. ಎದ್ದು ಹೋಗುವಾಗ, "ಸೌಮ್ಯಂಗೆ ಎಳನೀರು ತಕಂಡೋಗಿ ಕೊಟ್ಟು ಬಂದಿವ್ನಿ ಸಾ, ಅರ್ಧ ಕುಡುದ್ಲು" ಎಂದಳು.

ಅರ್ಧ ಕುಡಿದಳು ಎಂಬುದನ್ನು ಮಾಲಿನಿ ನನಗೆ ಹೇಳಿರಲಿಲ್ಲ. ಎರಡು ದಿನದಿಂದ ಸೌಮ್ಯ ಏನನ್ನೂ ಬಾಯಿಗೆ ಹಾಕುತ್ತಿಲ್ಲ ಎಂದುಕೊಂಡಿದ್ದೆ.

ಸೆಪ್ಟೆಂಬರ್ 13, ಶನಿವಾರ

ಇವತ್ತು ಅಳೆದೆ. ನಿನ್ನೆ ಸಂಜೆ ಎಲ್ಲಿತ್ತೋ ಅಲ್ಲೇ ಇದೆ. ಮೂವತ್ತು ಬಾಣ ಬಿಟ್ಟು ಮತ್ತೆ ಅಳೆದೆ. ಕೂದಲೆಳೆಯಷ್ಟೂ ಇಳಿದಿಲ್ಲ. ಹೆದೆ ನಿಂತಿದೆ.

ನಾನು ಏನೇನೋ ಅಂದುಕೊಂಡು ಬೈಕ್ ಹತ್ತಿದೆ. ದಾರಿಯುದ್ದಕ್ಕೂ ಒಳ್ಳೆಯ ಸುದ್ದಿಯೇ ಇರುತ್ತದೆ ಎಂದು ನಂಬಿಕೊಂಡು ಹೋದೆ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಮಾಲಿನಿ ನಿಂತಿದ್ದಳು. ಪ್ಲೇಟ್ಲೆಟ್ ಇಪ್ಪತ್ತೆರಡು ಸಾವಿರಕ್ಕೆ ಬಂದಿದೆ, ವಸಡಿನಲ್ಲಿ ರಕ್ತ ಬಂತು, ಇನ್ನೂ ಇಳಿದರೆ ಮೈಸೂರಿಗೆ ಕಳಿಸುತ್ತಾರಂತೆ ಎಂದಳು. ಅವಳು ಅಳಲಿಲ್ಲ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಒಳಗೆ ಹೋದಾಗ ಸೌಮ್ಯ ಎಚ್ಚರವಾಗಿದ್ದಳು. ರತ್ನ ಬಂದಿದ್ದಳಾ ಎಂದು ಕೇಳಿದಳು. ಬಂದಿದ್ದಳು ಅಂದೆ. ಕೊಟ್ಟೆಯಾ? ಇಲ್ಲ ಅಂದೆ. ಹೆದೆ ನಿಂತಿತಾ? ಅದಕ್ಕೆ ಸುಳ್ಳು ಹೇಳಲು ಬಾಯಿ ಬರದೆ ನಿಂತಿತು ಅಂದೆ. ಅವಳು ಮುಖವನ್ನು ಫ್ಯಾನಿನ ಕಡೆ ತಿರುಗಿಸಿದಳು. ಆಮೇಲೆ ಮೆಲ್ಲಗೆ, "ಬಿಲ್ ಕೊಟ್ಬುಟ್ರೆ ನಾನ್ ಸತ್ತೋಯ್ತೀನಿ ಅಂದ್ಕಂಡಿದ್ದೀಯ ಅಲ್ವಾ ಅಪ್ಪ" ಎಂದಳು.

ಜಾರಿದ್ದ ಹೊದಿಕೆಯನ್ನು ಅವಳ ಎದೆಯವರೆಗೆ ಎಳೆದೆ.

"ಅದು ನಂಗೆ ಗೊತ್ತಾಯ್ತದೆ. ನಂಗೂ ಭಯ ಆಯ್ತದೆ. ನೀನ್ ಅಂಗೆ ಇಟ್ಕಂಡ್ ಕೂತಿದ್ರೆ ಇನ್ನೂ ಭಯ ಆಯ್ತದೆ."

ಅವಳ ಅಂಗೈ ಹಿಡಿದುಕೊಂಡು ಕೂತಿದ್ದೆ. ನರ್ಸ್ ಬಂದು ಡ್ರಿಪ್ ಬದಲಿಸಿದರು. ಬರುವಾಗ ದಾರಿಯಲ್ಲಿ ಬೈಕ್ ನಿಲ್ಲಿಸಿ ಮೇಷ್ಟ್ರಿಗೆ ಫೋನ್ ಮಾಡಿ ಹಾಸ್ಟೆಲ್ ಹುಡುಗಿಯ ನಂಬರ್ ತೆಗೆದುಕೊಂಡೆ. ನಾಳೆ ಬರಲು ಹೇಳಿದ್ದೇನೆ.

ಸೆಪ್ಟೆಂಬರ್ 14, ಭಾನುವಾರ

ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಮಾಲಿನಿಯ ಫೋನ್ ಬರುವ ಮುಂಚೆಯೇ ಹುಡುಗಿ ಬಂದಳು. ಬಿಲ್ಲನ್ನು ತಂದು ಅಂತರವನ್ನು ಇನ್ನೊಮ್ಮೆ ಅಳೆದು ನೋಡಿದೆ. ಕೊಟ್ಟೆ.

ಅವಳು ಚೆನ್ನಾಗಿ ಹೊಡೆಯುತ್ತಾಳೆ. ಎಳೆದು ದವಡೆಗೆ ತಾಗಿಸಿ ಒಂದು ಕ್ಷಣ ನಿಲ್ಲುತ್ತಾಳೆ, ಅಷ್ಟು ಹೊತ್ತು ಹಿಡಿಯಲು ನನಗೆ ಒಂದು ದಿನವೂ ಆಗಿಲ್ಲ. ಆದರೆ ಬಾಣಗಳು ಒಂದೇ ಕಡೆ ಬೀಳಲಿಲ್ಲ. ಹತ್ತು ಬಾಣವಾದ ಮೇಲೆ ನೋಡಿದೆ, ಕೈಪಟ್ಟಿಯ ಕೆಳಗೆ ಹೆದೆ ಬಡಿದು ಮಣಿಕಟ್ಟು ಕೆಂಪಾಗಿ ಊದಿಕೊಂಡಿತ್ತು. ಯಾಕೆ ಹೇಳಲಿಲ್ಲ ಎಂದು ಗದರಿದೆ. ಹೆದೆ ಕೆಟ್ಟುಹೋಗುತ್ತದೆ ಎಂದಿದ್ದಿರಲ್ಲ, ಏನೂ ಅನ್ನಬಾರದು ಎಂದು ಸುಮ್ಮನಿದ್ದೆ ಎಂದಳು. ನಾಚಿಕೆಯಾಯಿತು. ಅವಳ ತೋಳು ಉದ್ದ, ನನ್ನ ಗುರುತು ಅವಳಿಗೆ ಸರಿಯಲ್ಲ. ನಾಲ್ಕು ಸುತ್ತು ಹುರಿ ಹಾಕಿದೆ, ಆಮೇಲೆ ಇನ್ನೆರಡು. ಆಗ ಹೆದೆಯ ಸದ್ದೇ ಬೇರೆಯಾಯಿತು. ಬಾಣ ಕೂರಿಸುವ ಕಡೆ ಸುತ್ತಿದ್ದ ನೂಲು ಸ್ವಲ್ಪ ಜರುಗಿತ್ತು, ಅದನ್ನೂ ಬಿಚ್ಚಿ ಸುತ್ತಿದೆ.

ಹನ್ನೊಂದಕ್ಕೆ ಮಾಲಿನಿ ಫೋನ್ ಮಾಡಿದಳು. ಇಳಿದಿಲ್ಲ, ಏರಿಯೂ ಇಲ್ಲ, ಮೈಸೂರಿಗೆ ಈಗ ಬೇಡ ಎಂದಿದ್ದಾರೆ. ಫೋನ್ ಜೇಬಿಗೆ ಹಾಕಿಕೊಂಡೆ. ರತ್ನ ಬಾಣಗಳನ್ನು ಚೀಲದಿಂದ ಕಿತ್ತುಕೊಂಡು ಬಂದು ನನ್ನ ಪಕ್ಕ ನಿಂತುಕೊಂಡಳು. ಅವಳಿಗೂ ಹೇಳಿದೆ. ಕಣ್ಣೊರೆಸಿಕೊಂಡು ಮತ್ತೆ ಹೊಡೆಯಲು ಹೋದಳು.

ಮಧ್ಯಾಹ್ನ ಬಿಸಿಲು ಜೋರಾಯಿತು ಎಂದು ಒಳಗೆ ಊಟಕ್ಕೆ ಕರೆದೆ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ಎರಡು ತಟ್ಟೆ ಹಾಕಿದಳು.

ಸೆಪ್ಟೆಂಬರ್ 16, ಮಂಗಳವಾರ

ನಲವತ್ತೊಂದು ಸಾವಿರ. ಸೌಮ್ಯ ಎರಡು ಇಡ್ಲಿ ತಿಂದಳು. ನಾಳೆ ಬಿಡುತ್ತಾರೆ ಎಂದು ಮಾಲಿನಿ ಹೇಳಿದಾಗ ನಂಬಿಕೆ ಬರಲಿಲ್ಲ, ನಾನೇ ಹೋಗಿ ಡಾಕ್ಟರನ್ನು ಕೇಳಿದೆ.

ರತ್ನ ಎರಡು ದಿನವೂ ಕಾಲೇಜು ಬಿಟ್ಟಮೇಲೆ ಬಂದು ಹೊಡೆದಳು. ಬಿಲ್ಲನ್ನು ಇವತ್ತು ಹಾಸ್ಟೆಲಿಗೆ ಕಳಿಸಿಕೊಟ್ಟೆ.

ಸೆಪ್ಟೆಂಬರ್ 18, ಗುರುವಾರ

ಸೌಮ್ಯ ಮನೆಯಲ್ಲಿದ್ದಾಳೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಉಬ್ಬಸ ಬರುತ್ತದೆ. ಬೆಳಿಗ್ಗೆಯಿಂದ ಫೋನನ್ನು ಎದೆಯ ಮೇಲೆ ಇಟ್ಟುಕೊಂಡೇ ಮಲಗಿದ್ದಳು. ನಾನು ಗಿರಣಿ ತೆರೆಯಲೇ ಇಲ್ಲ. ಹನೂರಿಗೆ ಹೋಗಬೇಕಿತ್ತು ಎಂದು ಒಂದು ಸಲ, ಇವಳನ್ನು ಬಿಟ್ಟು ಹೇಗೆ ಹೋಗುವುದು ಎಂದು ಇನ್ನೊಂದು ಸಲ, ಹೀಗೇ ಒಳಗೂ ಹೊರಗೂ ಓಡಾಡುತ್ತಿದ್ದೆ.

ಹನ್ನೊಂದರ ಹೊತ್ತಿಗೆ ಫೋನ್ ಬಂತು. ಸೌಮ್ಯ ಕೇಳಿಸಿಕೊಂಡು ನನ್ನ ಕೈಗೆ ಕೊಟ್ಟಳು. ರತ್ನಳ ದನಿ ಅಳುವ ಹಾಗಿತ್ತು. ಹೆದೆ ಕೈಗೆ ಬಡಿಯುತ್ತಿದೆ, ಮೊದಲ ಸುತ್ತಿನಲ್ಲಿ ಬಾಣಗಳೆಲ್ಲ ಒಂದೊಂದು ಕಡೆ ಹೋದವು, ತಾನು ಒಂಬತ್ತನೆಯವಳು ಎಂದಳು.

ನಿಂತ ಹೆದೆ ಮತ್ತೆ ಹೇಗೆ ಇಳಿಯಿತು? ಆಮೇಲೆ ಹೊಳೆದು ಕೇಳಿದೆ, ಬಿಲ್ಲನ್ನು ಹೇಗೆ ತೆಗೆದುಕೊಂಡು ಹೋದೆ ಎಂದು. ಬಸ್ಸಿನಲ್ಲಿ ಜನ ಜಾಸ್ತಿ ಇದ್ದರಂತೆ. ಹೆದೆಯನ್ನು ಪೂರ್ತಿ ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡಿದ್ದಾಳೆ. ನಾನು ದಿನಾ ಇಳಿಸುವಾಗ ಮೇಲಿನ ಕುಣಿಕೆಯನ್ನು ಮಾತ್ರ ಜಾರಿಸುತ್ತಿದ್ದೆ, ಕೆಳಗಿನದನ್ನು ಬಿಡಿಸುತ್ತಿರಲಿಲ್ಲ. ಎರಡೂ ತುದಿ ಬಿಟ್ಟರೆ ಹಾಕಿದ ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಅಷ್ಟೆಲ್ಲ ಹೇಳಿಕೊಟ್ಟವನು ಇದೊಂದನ್ನು ಹೇಳಿಕೊಟ್ಟಿರಲಿಲ್ಲ.

ತಪ್ಪು ನನ್ನದು, ಹೆದೆಗೆ ಏನೂ ಆಗಿಲ್ಲ, ಬಿಚ್ಚಿ ಹುರಿ ಹಾಕು ಎಂದೆ.

"ಎಷ್ಟ್ ಸುತ್ತು ಸಾ? ನಿಮ್ ಕಡ್ಡಿ ಇಲ್ಲ ಇಲ್ಲಿ."

ಎಷ್ಟು ಬಿಚ್ಚಿಕೊಂಡಿದೆಯೋ ನನಗೇನು ಗೊತ್ತು? ಬಾಯಿಗೆ ಬಂದ ಲೆಕ್ಕ ಹೇಳಿ ಅದು ತಪ್ಪಾದರೆ? ಸೌಮ್ಯ ಎದ್ದು ಕೂತು ನನ್ನನ್ನೇ ನೋಡುತ್ತಿದ್ದಳು.

"ಒಸಿ ಆಕು, ಏರ್ಸು, ಒಂದ್ ಬಾಣ ಬುಟ್ಟು ನೋಡು. ಸದ್ದು ಕೇಳು. ಸಾಲ್ದು ಅನ್ನುಸ್ತಾ, ಇನ್ನೊಂದೆರಡು ಆಕು. ನಿನ್ ಕೈಗೆ ಸರಿ ಅನ್ನೋಗಂಟ ಆಕು ಕಣವ್ವ. ಇಲ್ಲಿಂದ ನಂಗೆ ಗೊತ್ತಾಗಲ್ಲ, ನಿಂಗೇ ಗೊತ್ತಾಗೋದು" ಎಂದೆ.

ಸೌಮ್ಯ ಫೋನ್ ಕಿತ್ತುಕೊಂಡು, ಅವಸರ ಮಾಡಬೇಡ, ಮೇಷ್ಟ್ರಿಗೆ ಹೇಳಿ ಟೈಮ್ ಕೇಳು, ಉಸಿರು ಬಿಟ್ಟು ಹೊಡಿ ಎಂದು ಇನ್ನೂ ಏನೇನೋ ಹೇಳಿದಳು. ಆಮೇಲೆ ನಾಲ್ಕು ಗಂಟೆಯವರೆಗೆ ಯಾವ ಫೋನೂ ಇಲ್ಲ. ಅವ್ವ ದೇವರ ಮುಂದೆ ಕೂತಿದ್ದಳು. ಯಾರಿಗೋಸ್ಕರ ಎಂದು ನಾನು ಕೇಳಲಿಲ್ಲ.

ನಾಲ್ಕನೆಯವಳಾಗಿ ಬಂದಳು. ರಾಜ್ಯಮಟ್ಟಕ್ಕೆ ಹೋಗುತ್ತಾಳೆ. ಮೇಷ್ಟ್ರೇ ಫೋನ್ ಮಾಡಿ ಹೇಳಿದರು.

ಸೌಮ್ಯ ಜೋರಾಗಿ ನಕ್ಕಳು. ರತ್ನಳ ಜೊತೆ ಮಾತಾಡಿದಳು, ಭೇಷ್ ಎಂದಳು. ಫೋನ್ ಇಟ್ಟಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಅಲುಗುತ್ತಿತ್ತು. ಎರಡು ವರ್ಷ ಬಿಸಿಲಲ್ಲಿ ನಿಂತು ಹೊಡೆದವಳು ಇವಳು. ಕಾಲ ಹತ್ತಿರ ಕೂತು ಪಾದ ಒತ್ತುತ್ತಿದ್ದೆ. ಅವಳು ಬೇಡ ಅನ್ನಲಿಲ್ಲ.

ಸೆಪ್ಟೆಂಬರ್ 20, ಶನಿವಾರ

ದಸರಾ ರಜೆ ಶುರುವಾಗಿದೆ. ರತ್ನ ಊರಿಗೆ ಹೋಗುವ ಮುಂಚೆ ಬಿಲ್ಲು ಕೊಟ್ಟು ಹೋಗಲು ಬಂದಳು. ಹೆದೆಯ ಕೆಳಗಿನ ಕುಣಿಕೆಯನ್ನು ದಾರದಿಂದ ಬಿಲ್ಲಿಗೆ ಕಟ್ಟಿಕೊಂಡು ಬಂದಿದ್ದಳು.

ಸೌಮ್ಯ ಗಿರಣಿಯ ಹಿಂದಿನವರೆಗೆ ನಡೆದುಕೊಂಡೇ ಬಂದಳು. ಬಿಲ್ಲು ಏರಿಸಿಕೊಟ್ಟೆ. ಎಳೆದಳು. ಅರ್ಧಕ್ಕೂ ಬರಲಿಲ್ಲ, ತೋಳು ಗಡಗಡ ನಡುಗಿತು. ಹೆದೆಯನ್ನು ನಿಧಾನವಾಗಿ ಹಿಂದಕ್ಕೆ ಬಿಟ್ಟು ಬಿಲ್ಲನ್ನು ರತ್ನಳ ಕೈಗೆ ಕೊಟ್ಟಳು.

"ಸ್ಟೇಟ್ ಮುಗುಸ್ಕಂಡು ತಕಂಡ್ ಬಾ ಕಣೇ. ಆಮೇಲೆ ನಂಗೆ ಬೇಕು. ನೀನ್ ಬೇರೆದು ನೋಡ್ಕೋ."

"ಆಯ್ತು" ಎಂದಳು ರತ್ನ.

ಬೇರೆ ಬಿಲ್ಲು ಎಲ್ಲಿಂದ ನೋಡಿಕೊಳ್ಳುತ್ತಾಳೆ? ಸೋಮವಾರ ಮೇಷ್ಟ್ರನ್ನು ಕಂಡು ಒಳ್ಳೆಯ ಬಿದಿರು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಬೇಕು.

ನಾಳೆ ಮಹಾಲಯ ಅಮಾವಾಸ್ಯೆ, ಸಂಜೆಯಾಗಿತ್ತು, ಇಷ್ಟು ಹೊತ್ತಿನಲ್ಲಿ ಗೋಪಿನಾಥಂಗೆ ಬಸ್ಸು ಸಿಗುವುದಿಲ್ಲ ಎಂದು ಉಳಿಸಿಕೊಂಡೆವು. ಇಬ್ಬರೂ ನಡುಮನೆಯಲ್ಲಿ ಮಲಗಿ ಪಿಸಪಿಸ ಮಾತಾಡುತ್ತಿದ್ದಾರೆ. ಮಲಗಿಕೊಳ್ಳಿ ಎಂದು ಅವ್ವ ಎರಡು ಸಲ ಬೈದಳು.

ಸೆಪ್ಟೆಂಬರ್ 21, ಭಾನುವಾರ

ಬೆಳಿಗ್ಗೆ ರತ್ನಳನ್ನು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗೆ ಬಿಟ್ಟೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ ಬಸ್ಸಿನ ಬಾಗಿಲಲ್ಲೂ ನೇತಾಡುತ್ತಿದ್ದರು. ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿಸಿದೆ. ಬೆಟ್ಟದಲ್ಲಿ ಇಳಿದು ಅಲ್ಲಿಂದ ಗೋಪಿನಾಥಂ ಬಸ್ಸು ಹಿಡಿಯಬೇಕು. ಸೇರಿದ ತಕ್ಷಣ ಫೋನ್ ಮಾಡು ಎಂದು ಹೇಳಿದ್ದೆ.

ಮೂರು ಗಂಟೆಗೆ ಫೋನ್ ಇಲ್ಲ. ಐದಕ್ಕೂ ಇಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಬೆಟ್ಟದ ಬಸ್ಸಿನಲ್ಲಿ ನೂಕುನುಗ್ಗಲು, ಮುಂದಿನ ಬಸ್ಸು ತಪ್ಪಿದರೆ ಒಂಟಿಯಾಗಿ ಎಲ್ಲಿ ಉಳಿಯುತ್ತಾಳೆ, ಕಾಡಿನ ದಾರಿಯಲ್ಲಿ ಆನೆ ಅಡ್ಡ ಬಂದು ಬಸ್ಸು ನಿಂತಿದೆಯೇನೋ. ಮೇಷ್ಟ್ರಿಗೆ ಎರಡು ಸಲ ಫೋನ್ ಮಾಡಿದೆ. ಅವರಿಗೂ ಗೊತ್ತಿಲ್ಲ. ಅದು ಅವಳು ಚಿಕ್ಕಂದಿನಿಂದ ಓಡಾಡಿದ ದಾರಿ, ಸುಮ್ಮನೆ ಕೂತುಕೊಳ್ಳಿ ಎಂದು ಮಾಲಿನಿ ಅಂದಳು. ಕೂತೆ, ಮತ್ತೆ ಎದ್ದೆ. ಬೈಕಿನಲ್ಲಿ ಬೆಟ್ಟದವರೆಗಾದರೂ ಹೋಗಿ ನೋಡಿ ಬರಲೇ ಎಂದು ಕೇಳಿದ್ದಕ್ಕೆ ಸೌಮ್ಯ ನಕ್ಕುಬಿಟ್ಟಳು.

ಏಳೂವರೆಗೆ ಯಾವುದೋ ನಂಬರಿನಿಂದ ಫೋನ್ ಬಂತು. ಗಂಡಸಿನ ದನಿ, "ಪಾಪ್ಪಾ ಬಂದ್ಬುಟ್ಲು ಸಾಮಿ, ಮೊಬೈಲಲ್ಲಿ ಚಾರ್ಜ್ ಇಲ್ಲ" ಎಂದಿತು. ರತ್ನಳ ಅಪ್ಪ, ಮಗಳನ್ನು ಪಾಪ್ಪಾ ಎನ್ನುತ್ತಾರೆ. ಅವರ ಹೆಸರು ಮಾರಯ್ಯ. ಬಿಲ್ಲು ಜೋಪಾನವಾಗಿದೆ ಎಂದೂ ಹೇಳಿದರು. ಬಿಲ್ಲಿನ ವಿಷಯ ನಾನು ಕೇಳಿರಲಿಲ್ಲ.

ರತ್ನಳಿಗೆ ಕೊಡಿ ಎಂದು ಹೇಳಿ, ಊಟವಾಯಿತಾ ಎಂದು ಕೇಳಿದೆ. ಈಗ ತಾನೇ ಬಂದೆ ಎಂದಳು. ಮೊದಲು ಉಣ್ಣು, ವಾಪಸ್ ಬರುವ ದಿನ ಮುಂಚೆಯೇ ತಿಳಿಸು, ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ ಎಂದೆ.

ಮಾಲಿನಿ ತಟ್ಟೆ ಹಾಕಿ ಕರೆಯುತ್ತಿದ್ದಾಳೆ. ಸಾರು ಆಗಲೇ ಎರಡು ಸಲ ಬಿಸಿ ಮಾಡಿದಳಂತೆ.